ಹುಲ್ಲು ಹೊತ್ತಿಕೊಳ್ಳುವ ದಿನ

ಅಮೆರಿಕದ ಭೂಪಟದಲ್ಲಿ ಟೆಕ್ಸಾಸ್ ರಾಜ್ಯದ ಉತ್ತರ ತುದಿ ಬಾಣಲೆಯ ಹಿಡಿಯಂತೆ ಮೇಲಕ್ಕೆ ಚಾಚಿಕೊಂಡಿದೆ. ಆ ಸೀಮೆಗೆ ‘ಪ್ಯಾನ್‌ಹ್ಯಾಂಡಲ್’ ಎಂದೇ ಹೆಸರು. ಮರಗಳು ವಿರಳ, ಕಣ್ಣು ಹಾಯಿಸಿದಷ್ಟು ದೂರವೂ ಹುಲ್ಲು. ಅಲ್ಲಿನ ಬದುಕು ನಿಂತಿರುವುದು ಬಹುಮಟ್ಟಿಗೆ ದನಗಳ ಮೇಲೆ. 2024ರ ಫೆಬ್ರುವರಿ 26ರಂದು ಸ್ಟಿನೆಟ್ ಎಂಬ ಊರಿನ ಬಳಿ ಈ ಹುಲ್ಲಿಗೆ ಬೆಂಕಿ ತಗುಲಿತು. ಅದು ಪೂರ್ತಿ ಹತೋಟಿಗೆ ಬಂದದ್ದು ಮಾರ್ಚ್ ತಿಂಗಳ ನಡುವಿನಲ್ಲಿ. ಅಷ್ಟರಲ್ಲಿ 10 ಲಕ್ಷ 58 ಸಾವಿರ ಎಕರೆ ನೆಲ ಕಪ್ಪಾಗಿತ್ತು. ಬೆಂಗಳೂರು ನಗರ ಜಿಲ್ಲೆಯ ಸುಮಾರು ಎರಡು ಪಟ್ಟು ವಿಸ್ತಾರ ಅದು. ಇಬ್ಬರು ಸತ್ತರು. ಆ ವಾರ ಸುತ್ತಮುತ್ತ ಎದ್ದ ಬೆಂಕಿಗಳೆಲ್ಲವೂ ಸೇರಿ ಏಳು ಸಾವಿರಕ್ಕೂ ಹೆಚ್ಚು ದನಗಳು ಬಲಿಯಾದವು. ‘ಸ್ಮೋಕ್‌ಹೌಸ್ ಕ್ರೀಕ್ ಬೆಂಕಿ’ ಎಂದು ಹೆಸರಾದ ಇದು ಟೆಕ್ಸಾಸ್ ಚರಿತ್ರೆಯಲ್ಲೇ ಅತಿ ದೊಡ್ಡದು.

ಈ ಅನಾಹುತ ಯಾರಿಗೂ ಸುಳಿವು ಕೊಡದೆ ಬಂದದ್ದಲ್ಲ. ಅಮರಿಲ್ಲೊ ನಗರದಲ್ಲಿರುವ ರಾಷ್ಟ್ರೀಯ ಹವಾಮಾನ ಸೇವೆಯ ಕಚೇರಿ ಅಂದು ‘ರೆಡ್ ಫ್ಲ್ಯಾಗ್’ ಅಥವಾ ಕೆಂಪು ಬಾವುಟದ ಎಚ್ಚರಿಕೆಯನ್ನು ಮೊದಲೇ ಹೊರಡಿಸಿತ್ತು. ಗಾಳಿ ಜೋರಾಗಲಿದೆ, ಹವೆ ಒಣಗಲಿದೆ, ಬೆಂಕಿ ಎದ್ದರೆ ಹಿಡಿಯುವುದು ಕಷ್ಟ ಎಂಬುದು ಅದರ ಸಾರಾಂಶ.

ಬೆಂಕಿಯನ್ನೇ ಮುಂಗಂಡು ಹೇಳುವ ವಿದ್ಯೆ ಇನ್ನೂ ಹುಟ್ಟಿಲ್ಲ. ಕಿಡಿ ಎಲ್ಲಿ ಬೀಳುತ್ತದೆ, ಯಾರ ಕೈಯಿಂದ ಬೀಳುತ್ತದೆ ಎಂದು ಯಾವ ಯಂತ್ರಕ್ಕೂ ತಿಳಿಯದು. ಆದರೆ ಬಿದ್ದ ಕಿಡಿ ಕೈಮೀರಿ ಹೋಗುವ ದಿನ ಯಾವುದು, ಆ ದಿನದಲ್ಲೂ ಯಾವ ಹೊತ್ತು ಘೋರ ಎಂಬುದನ್ನು ಹೇಳಲು ಬರುತ್ತದೆ. ಇಷ್ಟನ್ನು ಕಲಿಯಲು ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು. ಕಲಿತ ಪಾಠಗಳಲ್ಲಿ ಹಲವಕ್ಕೆ ಮನುಷ್ಯರು ಜೀವವನ್ನೇ ತೆತ್ತರು.

ನೇಗಿಲು, ಒದ್ದೆ ಗೋಣಿ ಮತ್ತು ಹೋರಿ

ಅಮೆರಿಕದ ಬಯಲು ಸೀಮೆಗೆ ಬೆಂಕಿ ಹೊಸದಲ್ಲ. ಬಿಳಿಯರು ಬರುವ ಮೊದಲು ಅಲ್ಲಿ ಬದುಕಿದ್ದ ಮೂಲನಿವಾಸಿಗಳು ತಾವಾಗಿಯೇ ಹುಲ್ಲಿಗೆ ಬೆಂಕಿ ಇಡುತ್ತಿದ್ದರು. ಸುಟ್ಟ ನೆಲದಲ್ಲಿ ಎಳೆ ಹುಲ್ಲು ಚಿಗುರುತ್ತದೆ, ಚಿಗುರನ್ನು ಅರಸಿ ಕಾಡೆಮ್ಮೆಗಳ ಹಿಂಡು ಬರುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಬೇಲಿ, ಮನೆ, ಸಾಕಿದ ದನಗಳ ಮಂದೆ ಬಂದ ಮೇಲೆ ಅದೇ ಬೆಂಕಿ ವೈರಿಯಾಯಿತು. ಪ್ಯಾನ್‌ಹ್ಯಾಂಡಲ್‌ನಲ್ಲಿ 1885ರಲ್ಲಿ ಆರಂಭವಾದ ‘ಎಕ್ಸ್‌ಐಟಿ’ ಎಂಬ ದನಗಳ ತೋಟವೊಂದೇ ಸುಮಾರು 30 ಲಕ್ಷ ಎಕರೆ ವಿಸ್ತಾರವಿತ್ತು. ಇಂಥ ಬಯಲಿನಲ್ಲಿ ಹೊಗೆ ಕಂಡರೆ ಮೈಲುಗಟ್ಟಲೆ ದೂರದಿಂದ ಜನ ಕುದುರೆ ಏರಿ ಬರಬೇಕಾಗುತ್ತಿತ್ತು.

ಆಗಿನ ಉಪಾಯಗಳು ಸರಳ. ನೇಗಿಲಿನಿಂದ ಸಾಲು ಹೊಡೆದು ಹುಲ್ಲಿಲ್ಲದ ಪಟ್ಟಿ ಮಾಡುವುದು ಒಂದು. ನಮ್ಮ ಅರಣ್ಯ ಇಲಾಖೆಯವರು ಬೆಂಕಿರೇಖೆ ಎನ್ನುವುದು ಇದನ್ನೇ. ಒದ್ದೆ ಗೋಣಿಚೀಲದಿಂದ ಬಡಿದು ಆರಿಸುವುದು ಇನ್ನೊಂದು. ಬೆಂಕಿ ಜೋರಾಗಿದ್ದರೆ ದನಗಾಹಿಗಳು ಒಂದು ಹೋರಿಯನ್ನು ಕೊಂದು, ಅದರ ಹಸಿ ಶವವನ್ನು ಸೀಳಿ, ಹಗ್ಗ ಕಟ್ಟಿ, ಉರಿಯುವ ಸಾಲಿನ ಮೇಲೆಯೇ ಎಳೆದುಕೊಂಡು ಹೋಗುತ್ತಿದ್ದರು. ಒಬ್ಬ ಸವಾರ ಸುಟ್ಟ ನೆಲದ ಕಡೆ, ಇನ್ನೊಬ್ಬ ಹುಲ್ಲಿನ ಕಡೆ. ಮಂದೆ ಉಳಿಸಲು ಮಂದೆಯದೇ ಒಂದು ಪ್ರಾಣಿಯನ್ನು ಬಲಿಕೊಡುವ ಕಾಲ ಅದು. ನಾಳೆಯ ಗಾಳಿ ಹೇಗಿರುತ್ತದೆ ಎಂದು ಅವರಿಗೆ ಹೇಳುವವರು ಇರಲಿಲ್ಲ. ಅಮೆರಿಕದಲ್ಲಿ ಸರ್ಕಾರಿ ಹವಾಮಾನ ಸೇವೆ 1870ರಲ್ಲೇ ಹುಟ್ಟಿದ್ದರೂ ಅದರ ಕಣ್ಣು ಮೊದಮೊದಲು ಇದ್ದದ್ದು ಹಡಗುಗಳನ್ನು ಮುಳುಗಿಸುವ ಬಿರುಗಾಳಿಗಳ ಮೇಲೆ.

ಮರದ ಲೆಕ್ಕ

ಬೆಂಕಿ ಮತ್ತು ಹವಾಮಾನದ ನಂಟನ್ನು ಸರ್ಕಾರ ಗಂಭೀರವಾಗಿ ಎಣಿಸಿದ್ದು ಕಾಡುಗಳು ಸುಟ್ಟ ಮೇಲೆ. 1871ರ ಅಕ್ಟೋಬರ್ 8ರ ರಾತ್ರಿ ವಿಸ್ಕಾನ್ಸಿನ್ ರಾಜ್ಯದ ಪೆಶ್ಟಿಗೊ ಊರನ್ನು ಕಾಡ್ಗಿಚ್ಚು ನುಂಗಿತು. ಊರು ಮತ್ತು ಸುತ್ತಲಿನ ಸೀಮೆಯಲ್ಲಿ ಸತ್ತವರು ಸಾವಿರಕ್ಕೂ ಹೆಚ್ಚು. 1910ರ ಆಗಸ್ಟ್‌ನಲ್ಲಿ ಐಡಾಹೊ, ಮೊಂಟಾನಾ ಕಡೆ ಎರಡು ದಿನಗಳ ಬಿರುಗಾಳಿಯಲ್ಲಿ ಸುಮಾರು 30 ಲಕ್ಷ ಎಕರೆ ಸುಟ್ಟುಹೋಯಿತು. ಎಂಬತ್ತಕ್ಕೂ ಹೆಚ್ಚು ಮಂದಿ ಸತ್ತರು. ಪೋರ್ಟ್‌ಲ್ಯಾಂಡ್‌ನ ಹವಾಮಾನ ಅಧಿಕಾರಿ ಎಡ್ವರ್ಡ್ ಬೀಲ್ಸ್ 1914ರಲ್ಲಿ ಬರೆದ ಲೇಖನವೊಂದರಲ್ಲಿ ಅರಣ್ಯ ರಕ್ಷಣೆಗೆ ಹವಾಮಾನ ಮುನ್ಸೂಚನೆ ಹೇಗೆ ನೆರವಾಗಬಲ್ಲದು ಎಂಬುದನ್ನು ಎತ್ತಿ ತೋರಿಸಿದರು. ಸಣ್ಣ ಬೆಂಕಿಯನ್ನು ಮಹಾಜ್ವಾಲೆ ಮಾಡುವುದು ಗಾಳಿ. ಗಾಳಿಯ ಸುದ್ದಿ ಮುಂಚೆ ಸಿಕ್ಕರೆ ಕಾವಲು ಬಿಗಿ ಮಾಡಬಹುದು. 1926ರಲ್ಲಿ ಅಮೆರಿಕದ ಕಾಂಗ್ರೆಸ್ ಈ ಕೆಲಸಕ್ಕೆಂದೇ ಹಣ ಒದಗಿಸಿತು.

ಇದೇ ಕಾಲದಲ್ಲಿ ಐಡಾಹೊದ ಪ್ರೀಸ್ಟ್ ರಿವರ್ ಪ್ರಯೋಗಾಲಯದಲ್ಲಿ ಹ್ಯಾರಿ ಗಿಸ್ಬೋರ್ನ್ ಎಂಬ ಅರಣ್ಯ ವಿಜ್ಞಾನಿ ಕಟ್ಟಿಗೆಯ ತೇವ ಅಳೆಯುತ್ತ ಕುಳಿತಿದ್ದರು. ಮರದ ಸಣ್ಣ ಕೋಲುಗಳನ್ನು ಕಾಡಿನ ಬಯಲಲ್ಲಿ ಇಟ್ಟು, ದಿನಾ ತೂಗಿ, ಎಷ್ಟು ಒಣಗಿದೆ ಎಂದು ಬರೆದುಕೊಳ್ಳುವುದು ಅವರ ಕ್ರಮ. ಈ ಅಂಕಿಗಳಿಂದ ಅವರು 1931ರಲ್ಲಿ ಜೇಬಿನಲ್ಲಿ ಇಟ್ಟುಕೊಳ್ಳಬಹುದಾದ ‘ಅಪಾಯಮಾಪಕ’ವೊಂದನ್ನು ಸಿದ್ಧಪಡಿಸಿದರು. ತೇವ, ಗಾಳಿ ಮೊದಲಾದವುಗಳ ಅಂಕಿ ಹೊಂದಿಸಿದರೆ ಇಂದು ಎಷ್ಟು ಜನ ಕಾವಲಿಗೆ ಬೇಕು ಎಂಬ ಅಂದಾಜು ಸಿಗುತ್ತಿತ್ತು.

ಆದರೆ ಇದು ಬಹುಪಾಲು ಮರದ ಲೆಕ್ಕ. ಹುಲ್ಲಿನ ಸ್ವಭಾವ ಬೇರೆ ಎಂಬುದನ್ನು 1949ರ ಆಗಸ್ಟ್ 5 ತೋರಿಸಿಕೊಟ್ಟಿತು. ಮೊಂಟಾನಾದ ಮ್ಯಾನ್ ಗಲ್ಚ್ ಎಂಬ ಕಣಿವೆಯಲ್ಲಿ ಬೆಂಕಿ ಆರಿಸಲು ವಿಮಾನದಿಂದ ಧುಮುಕಿದ ತಂಡ ಒಣಹುಲ್ಲಿನ ಇಳಿಜಾರಿನಲ್ಲಿ ಸಿಕ್ಕಿಕೊಂಡಿತು. ಕೆಳಗಿನಿಂದ ಏರಿ ಬಂದ ಬೆಂಕಿ ಓಡುವ ಮನುಷ್ಯನಿಗಿಂತ ವೇಗವಾಗಿತ್ತು. 13 ಮಂದಿ ಸತ್ತರು. ತಂಡದ ನಾಯಕ ವ್ಯಾಗ್ ಡಾಜ್ ತನ್ನ ಮುಂದಿನ ಹುಲ್ಲಿಗೆ ತಾನೇ ಬೆಂಕಿ ಕೊಟ್ಟು, ಸುಟ್ಟ ಬೂದಿಯಲ್ಲಿ ಬೋರಲಾಗಿ ಮಲಗಿ ಬದುಕಿಕೊಂಡರು. ಉಳಿದವರಿಗೆ ಆ ಉಪಾಯ ಅರ್ಥವಾಗಲಿಲ್ಲ. ಈ ಬೆಂಕಿಯ ಓಟವನ್ನು ತಿಳಿಯಲು ಅದೇ ವರ್ಷದ ನವೆಂಬರ್ 9ರಂದು ಗಿಸ್ಬೋರ್ನ್ ಆ ಇಳಿಜಾರನ್ನು ಹತ್ತಿದರು. ಅಲ್ಲೇ ಹೃದಯಾಘಾತದಿಂದ ಕೊನೆಯುಸಿರೆಳೆದರು.

ಹುಲ್ಲಿನ ಲೆಕ್ಕ

ದಪ್ಪ ದಿಮ್ಮಿಯೊಂದು ಒಣಗಲು ವಾರಗಳೇ ಬೇಕು, ನೆನೆಯಲೂ ಅಷ್ಟೇ. ಹುಲ್ಲಿನ ಎಸಳು ಹಾಗಲ್ಲ. ಅದು ಸುತ್ತಲಿನ ಗಾಳಿಯ ತೇವಕ್ಕೆ ಒಂದು ಗಂಟೆಯೊಳಗೆ ಹೊಂದಿಕೊಂಡುಬಿಡುತ್ತದೆ. ಬೆಂಕಿ ವಿಜ್ಞಾನಿಗಳ ಭಾಷೆಯಲ್ಲಿ ಇದು ‘ಒಂದು ಗಂಟೆಯ ಇಂಧನ’. ಬೆಳಿಗ್ಗೆ ಇಬ್ಬನಿಯಲ್ಲಿ ತೊಯ್ದಿದ್ದ ಒಣಹುಲ್ಲು ಬಿಸಿಲು, ಗಾಳಿ ಬಿದ್ದರೆ ಮಧ್ಯಾಹ್ನದ ಹೊತ್ತಿಗೆ ಕಡ್ಡಿ ಗೀರುವುದನ್ನೇ ಕಾದಿರುತ್ತದೆ. ಸುಗ್ಗಿ ಕಾಲದಲ್ಲಿ ಬಣವೆ ಕಾದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಸೋಜಿಗವೂ ಇದೆ. ಕಾಡಿಗೆ ಬರಗಾಲ ಅಪಾಯ. ಹುಲ್ಲುಗಾವಲಿಗೆ ಕೆಲವೊಮ್ಮೆ ಒಳ್ಳೆಯ ಮಳೆಯೇ ಅಪಾಯ. ಮಳೆ ಚೆನ್ನಾದ ವರ್ಷ ಹುಲ್ಲು ಎದೆಯುದ್ದ ಬೆಳೆಯುತ್ತದೆ. ಚಳಿಗಾಲದಲ್ಲಿ ಅದೆಲ್ಲ ಒಣಗಿ ನಿಲ್ಲುತ್ತದೆ. ಪ್ಯಾನ್‌ಹ್ಯಾಂಡಲ್‌ನಲ್ಲಿ 2023ರ ಮೇ-ಜೂನ್ ತಿಂಗಳಲ್ಲಿ ಸುರಿದ ಮಳೆಯನ್ನು ಕಂಡು ದನಗಾರರು ಹಿಗ್ಗಿದ್ದರು. ಆ ಮಳೆ ಬೆಳೆಸಿದ ಹುಲ್ಲೇ ಎಂಟು ತಿಂಗಳ ನಂತರ ಉರಿಯಿತು.

ಹುಲ್ಲಿನ ಬೆಂಕಿಯನ್ನು ಪ್ರತ್ಯೇಕವಾಗಿ ಅಳೆದು ತೋರಿಸಿದ ಕೀರ್ತಿ ಆಸ್ಟ್ರೇಲಿಯದ ಅರಣ್ಯ ವಿಜ್ಞಾನಿ ಅಲನ್ ಮೆಕಾರ್ಥರ್ ಅವರದು. ಆ ದೇಶಕ್ಕೂ ದೊಡ್ಡ ಗಾಯವಿತ್ತು. 1939ರ ಜನವರಿ 13ರ ‘ಕರಾಳ ಶುಕ್ರವಾರ’ ಮತ್ತು ಅದರ ಸುತ್ತಲಿನ ದಿನಗಳಲ್ಲಿ ವಿಕ್ಟೋರಿಯ ರಾಜ್ಯದಲ್ಲಿ 71 ಮಂದಿ ಬೆಂಕಿಗೆ ಬಲಿಯಾಗಿದ್ದರು. ಮೆಕಾರ್ಥರ್ ಕಚೇರಿಯಲ್ಲಿ ಕುಳಿತು ಸೂತ್ರ ಬರೆಯಲಿಲ್ಲ. ತಾವೇ ನೂರಾರು ಸಣ್ಣ ಬೆಂಕಿಗಳನ್ನು ಹೊತ್ತಿಸಿ, ಅವು ಎಷ್ಟು ಹೊತ್ತಿಗೆ ಎಷ್ಟು ದೂರ ಸಾಗುತ್ತವೆ ಎಂದು ಅಳೆದರು. 1960ರ ದಶಕದಲ್ಲಿ ಅವರು ರೂಪಿಸಿದ ಮಾಪಕ ಒಂದರ ಮೇಲೊಂದು ತಿರುಗುವ ದುಂಡು ಹಲಗೆಗಳ ಸಾಧನ. ಕಾಡಿಗೆ ಒಂದು, ಹುಲ್ಲಿಗೆ ಇನ್ನೊಂದು. ಉಷ್ಣಾಂಶ, ಗಾಳಿಯ ತೇವಾಂಶ, ಗಾಳಿಯ ವೇಗಗಳ ಜೊತೆಗೆ ಹುಲ್ಲಿನ ಮಾಪಕದಲ್ಲಿ ಮತ್ತೊಂದು ಅಂಕಿ ಇತ್ತು: ಹುಲ್ಲಿನಲ್ಲಿ ಶೇಕಡ ಎಷ್ಟು ಪಾಲು ಒಣಗಿ ಸತ್ತಿದೆ ಎಂಬುದು. ಅರ್ಧಕ್ಕಿಂತ ಹೆಚ್ಚು ಹಸಿರಿದ್ದರೆ ಬೆಂಕಿ ಮುಗ್ಗರಿಸುತ್ತದೆ. ಪೂರ್ತಿ ಒಣಗಿದ್ದರೆ ಉಳಿದದ್ದನ್ನೆಲ್ಲ ಗಾಳಿಯೇ ನಿರ್ಧರಿಸುತ್ತದೆ.

ಕಾಡಿನ ಮಾಪಕದಲ್ಲಿ 100 ಎಂಬ ಅಂಕಿಯನ್ನು ಕರಾಳ ಶುಕ್ರವಾರದ ಹವೆಗೆ ಸರಿಯಾಗಿ ಇಡಲಾಗಿತ್ತು. ಅದಕ್ಕಿಂತ ಕೆಟ್ಟ ದಿನ ಬರಲಾರದೆಂಬ ಎಣಿಕೆ. ಬಂತು. 2009ರ ಫೆಬ್ರುವರಿ 7ರಂದು ವಿಕ್ಟೋರಿಯದಲ್ಲಿ ಅಂಕಿ ನೂರನ್ನು ದಾಟಿತು. 173 ಮಂದಿ ಸತ್ತರು. ಆಮೇಲೆ ‘ಮಹಾವಿನಾಶಕ’ ಎಂಬ ಹೊಸ ದರ್ಜೆಯನ್ನು ಸೇರಿಸಬೇಕಾಯಿತು. 2022ರಲ್ಲಿ ಆಸ್ಟ್ರೇಲಿಯ ತನ್ನ ಇಡೀ ಪದ್ಧತಿಯನ್ನೇ ಬದಲಿಸಿ, ಬೇರೆಬೇರೆ ಸಸ್ಯವರ್ಗಗಳಿಗೆ ಬೇರೆಬೇರೆ ಲೆಕ್ಕ ಹಾಕುವ ಕ್ರಮ ತಂದಿತು.

ಗಾಳಿ ತಿರುಗುವ ಹೊತ್ತು

ಹುಲ್ಲಿನ ಬೆಂಕಿ ಎಷ್ಟು ಅನಿರೀಕ್ಷಿತವಾಗಿ ಮೇಲೆರಗುತ್ತದೆ ಎಂಬುದಕ್ಕೆ ವಿಕ್ಟೋರಿಯದ ಲಾರಾ ಊರಿನ ಘಟನೆ ಸಾಕ್ಷಿ. 1969ರ ಜನವರಿ 8ರಂದು ಅಲ್ಲಿನ ಬಯಲಿನ ಬೆಂಕಿ ಹೆದ್ದಾರಿಯನ್ನು ದಾಟಿತು. ಹೊಗೆಯಲ್ಲಿ ದಾರಿ ಕಾಣದೆ ವಾಹನಗಳು ನಿಂತವು. ಇಳಿದು ಓಡಲೆತ್ನಿಸಿದ 17 ಮಂದಿ ರಸ್ತೆಯಲ್ಲೇ ಸತ್ತರು. ಹುಲ್ಲಿನ ಜ್ವಾಲೆ ಒಂದು ಜಾಗದಲ್ಲಿ ಉರಿಯುವುದು ಕೆಲವೇ ಕ್ಷಣ. ಗಾಜು ಏರಿಸಿ ಕಾರಿನೊಳಗೇ ಕುಳಿತಿದ್ದವರು ಬದುಕಿ ಉಳಿದರು.

ಮುನ್ಸೂಚನೆಗಾರರು ಕಲಿತ ಅತಿ ದೊಡ್ಡ ಪಾಠ ಗಾಳಿಯ ವೇಗದ್ದಲ್ಲ, ಅದರ ದಿಕ್ಕಿನದು. ಬಯಲಿನಲ್ಲಿ ಬಿರುಗಾಳಿ ಹೊಡೆದಾಗ ಬೆಂಕಿ ಸೌತೆಕಾಯಿಯಂತೆ ಉದ್ದಕ್ಕೆ ಬೆಳೆಯುತ್ತದೆ. ಮುಂದಿನ ತುದಿ ಅದರ ತಲೆ, ಎರಡು ಬದಿಗಳು ಪಕ್ಕೆ. ಓಡುವುದು ತಲೆ, ಪಕ್ಕೆಗಳು ನಿಧಾನವಾಗಿ ಉರಿಯುತ್ತಿರುತ್ತವೆ. ಜನ ಆರಿಸಲು ಹೋಗುವುದೂ ಪಕ್ಕೆಗಳ ಕಡೆಗೆ. ಬೆನ್ನಿಗೇ ತಂಪುಗಾಳಿಯ ದೊಡ್ಡ ಅಲೆಯೊಂದು ಬಂದರೆ ದಿಕ್ಕು ಒಮ್ಮೆಲೇ ಬದಲಾಗುತ್ತದೆ. ಅಲ್ಲಿಯವರೆಗೆ ನಲವತ್ತು ಕಿ.ಮೀ. ಉದ್ದಕ್ಕೆ ಸುಮ್ಮನೆ ಉರಿಯುತ್ತಿದ್ದ ಪಕ್ಕೆ ನಲವತ್ತು ಕಿ.ಮೀ. ಅಗಲದ ತಲೆಯಾಗಿ ಹೊರಡುತ್ತದೆ.

ತಂಪುಗಾಳಿ ಬಂದರೆ ಸೆಕೆ ಕಡಿಮೆಯಾಗುತ್ತದೆ, ಕಷ್ಟ ಮುಗಿಯಿತು ಎಂದು ಯಾರಿಗಾದರೂ ಅನಿಸುವುದು ಸಹಜ. ಸಾವು ಬರುವುದು ಆ ಹೊತ್ತಿಗೇ. 1983ರ ಫೆಬ್ರುವರಿ 16ರಂದು ಆಸ್ಟ್ರೇಲಿಯದ ಎರಡು ರಾಜ್ಯಗಳಲ್ಲಿ 75 ಮಂದಿಯನ್ನು ಕೊಂದ ಬೆಂಕಿಯಲ್ಲಿ ವಿಕ್ಟೋರಿಯದ ಸಾವುಗಳಲ್ಲಿ ಹೆಚ್ಚಿನವು ಸಂಭವಿಸಿದ್ದು ಗಾಳಿ ತಿರುಗಿದ ಮೇಲೆ. ಸ್ಮೋಕ್‌ಹೌಸ್ ಕ್ರೀಕ್ ಬೆಂಕಿಯದೂ ಅದೇ ಕಥೆ. ಮೊದಲ ದಿನ ಪಶ್ಚಿಮದ ಗಾಳಿ ಅದನ್ನು ಪೂರ್ವಕ್ಕೆ ಉದ್ದವಾಗಿ ಎಳೆಯಿತು. ಮರುದಿನ ಉತ್ತರದ ಶೀತಗಾಳಿ ಬಂದು ಅದರ ದಕ್ಷಿಣದ ಪಕ್ಕೆಯನ್ನು ಎಬ್ಬಿಸಿತು. ಫೆಬ್ರುವರಿ 29ರಂದು ಅದೇ ಸುಟ್ಟ ನೆಲದ ಮೇಲೆ ಹಿಮ ಬಿದ್ದಿತ್ತು.

ಆದ್ದರಿಂದ ಇಂದಿನ ಮುನ್ಸೂಚನೆ ‘ನಾಳೆ ಅಪಾಯ’ ಎಂದಷ್ಟೇ ಹೇಳಿ ಸುಮ್ಮನಾಗುವುದಿಲ್ಲ. ಗಾಳಿ ಯಾವ ಊರಿಗೆ ಎಷ್ಟು ಗಂಟೆಗೆ ತಿರುಗುತ್ತದೆ ಎಂಬುದನ್ನೂ ಹೇಳುತ್ತದೆ. ಬೆಂಕಿಯ ಎದುರು ನಿಂತವನಿಗೆ ಉಳಿದೆಲ್ಲ ಅಂಕಿಗಳಿಗಿಂತ ಬೇಕಾದದ್ದು ಆ ಗಂಟೆ.

ಒಂದೇ ಸುಳಿ, ಎರಡು ಅನಾಹುತ

ಅಮೆರಿಕದ ದಕ್ಷಿಣ ಬಯಲಿನಲ್ಲಿ ಇಂಥ ದಿನ ಬರುವುದು ಹೇಗೆ? ಚಳಿಗಾಲ ಮುಗಿದು ಹುಲ್ಲು ಇನ್ನೂ ಚಿಗುರದ ಫೆಬ್ರುವರಿಯಿಂದ ಏಪ್ರಿಲ್‌ವರೆಗಿನ ಕಾಲದಲ್ಲಿ ಪಶ್ಚಿಮದಿಂದ ದೊಡ್ಡ ವಾಯುಭಾರ ಕುಸಿತಗಳು ಹಾದುಹೋಗುತ್ತವೆ. ನೈರುತ್ಯದ ಮರುಭೂಮಿಗಳ ಒಣ ಹವೆಯನ್ನು ಅವು ಎಳೆದು ತರುತ್ತವೆ. ಆ ಹವೆ ರಾಕಿ ಪರ್ವತಗಳ ಇಳಿಜಾರಿನಲ್ಲಿ ಇಳಿಯುತ್ತ ಇನ್ನಷ್ಟು ಬಿಸಿಯಾಗಿ, ಇನ್ನಷ್ಟು ಒಣಗುತ್ತದೆ. ಮಧ್ಯಾಹ್ನ ನೆಲ ಕಾದಾಗ ಮೇಲಿನ ಮತ್ತು ಕೆಳಗಿನ ಹವೆ ಕಲಸಿಹೋಗಿ, ಎತ್ತರದಲ್ಲಿ ಬೀಸುತ್ತಿದ್ದ ಬಿರುಗಾಳಿ ನೆಲಕ್ಕೆ ಇಳಿಯುತ್ತದೆ. ಇದೇ ಸುಳಿಯ ಪೂರ್ವ ಭಾಗಕ್ಕೆ ಸಮುದ್ರದ ತೇವ ಸಿಕ್ಕರೆ ಅಲ್ಲಿ ಟಾರ್ನೆಡೊ ಏಳುತ್ತದೆ, ಪಶ್ಚಿಮ ಭಾಗದಲ್ಲಿ ಬೆಂಕಿ. ಎರಡರ ಮುನ್ನೋಟವನ್ನೂ ಓಕ್ಲಹೋಮದ ನಾರ್ಮನ್ ಪಟ್ಟಣದಲ್ಲಿರುವ ಒಂದೇ ಕೇಂದ್ರ ಪ್ರಕಟಿಸುತ್ತದೆ.

ಈ ಬಗೆಯ ದಿನಗಳಿಗೆ ಒಂದು ಗುರುತಿಸಬಹುದಾದ ಚಹರೆ ಇದೆ ಎಂಬುದನ್ನು ಹವಾಮಾನ ತಜ್ಞ ಟಾಡ್ ಲಿಂಡ್ಲಿ ಮತ್ತು ಸಂಗಡಿಗರು ಹಳೆಯ ಬೆಂಕಿಗಳ ದಾಖಲೆ ಕೆದಕಿ ತೋರಿಸಿದರು. ಅವರ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಅವರ ಮುಂದಿದ್ದ ಉದಾಹರಣೆಗಳಲ್ಲಿ 2006ರ ಮಾರ್ಚ್ 12 ಪ್ರಮುಖವಾದದ್ದು. ಅಂದು ಅಮರಿಲ್ಲೊ ಪೂರ್ವಕ್ಕೆ ಎದ್ದ ಬೆಂಕಿಗಳು 9 ಲಕ್ಷಕ್ಕೂ ಹೆಚ್ಚು ಎಕರೆ ಸುಟ್ಟು 12 ಜನರನ್ನು ಬಲಿ ತೆಗೆದುಕೊಂಡಿದ್ದವು. ಚಹರೆ ಗೊತ್ತಾದ ಮೇಲೆ ಅಂಥ ದಿನವನ್ನು ಹಲವು ದಿನ ಮುಂಚೆಯೇ ಗುರುತಿಸುವುದು ಸಾಧ್ಯವಾಯಿತು.

ನೆಲದ ಮೇಲಿನ ಕಣ್ಣುಗಳೂ ಹೆಚ್ಚಿದವು. ಓಕ್ಲಹೋಮ ರಾಜ್ಯ 1994ರಲ್ಲಿ ‘ಮೆಸೊನೆಟ್’ ಎಂಬ ಜಾಲವನ್ನು ಆರಂಭಿಸಿ, ತನ್ನ 77 ಕೌಂಟಿಗಳಲ್ಲೂ ಹವಾಮಾನ ಗೋಪುರಗಳನ್ನು ನಿಲ್ಲಿಸಿತು. ಗಾಳಿ, ತೇವ, ಬಿಸಿಲುಗಳ ವರದಿ ಐದೈದು ನಿಮಿಷಕ್ಕೆ ಬರುತ್ತದೆ. ಹುಲ್ಲಿನ ಹಸಿರು ಎಷ್ಟಿದೆ ಎಂಬುದನ್ನು ಉಪಗ್ರಹ ನೋಡಿ ಹೇಳುತ್ತದೆ. 2016ರ ನವೆಂಬರ್‌ನಲ್ಲಿ ಹಾರಿಸಿದ ‘ಗೋಸ್-16’ ಉಪಗ್ರಹದ ಚಿತ್ರಗಳಲ್ಲಿ ಹುಲ್ಲಿನ ಬೆಂಕಿಯ ಬಿಸಿ ಚುಕ್ಕೆ, ದೂರವಾಣಿ ಕರೆ ಬರುವ ಮೊದಲೇ ಕಾಣಿಸಿಕೊಂಡದ್ದುಂಟು. ಮೂಲೆಯ ತೋಟವೊಂದರಲ್ಲಿ ಬೆಂಕಿ ಎದ್ದರೆ ಮೊದಲು ತಿಳಿಯುವುದು ನೂರಾರು ಕಿ.ಮೀ. ದೂರದ ಹವಾಮಾನ ಕಚೇರಿಗೆ!

ಎಚ್ಚರಿಕೆ ಕೇಳಿದ ಮೇಲೆ

ಇಷ್ಟೆಲ್ಲ ಇದ್ದೂ ಸಾವು ಏಕೆ? 2017ರ ಮಾರ್ಚ್ 6ರಂದು ಟೆಕ್ಸಾಸ್, ಓಕ್ಲಹೋಮ, ಕ್ಯಾನ್ಸಾಸ್ ರಾಜ್ಯಗಳಲ್ಲಿ ಒಟ್ಟಿಗೆ ಬೆಂಕಿಗಳೆದ್ದವು. ಅಂದೂ ಎಚ್ಚರಿಕೆ ಸರಿಯಾಗಿಯೇ ಇತ್ತು. ಟೆಕ್ಸಾಸ್‌ನ ಗ್ರೇ ಕೌಂಟಿಯಲ್ಲಿ ಮೂವರು ಎಳೆಯರು ಸತ್ತದ್ದು ದನಗಳನ್ನು ಬಿಡಿಸಲು ಹೋಗಿ. ದನವೇ ಬದುಕಾದವರಿಗೆ ‘ದೂರ ಹೋಗಿ’ ಎಂಬ ಮಾತು ಪಾಲಿಸಲು ಸುಲಭವಲ್ಲ. ಇಂಥ ಊರುಗಳಲ್ಲಿ ಬೆಂಕಿ ಆರಿಸುವವರೂ ಹೆಚ್ಚಾಗಿ ಸಂಬಳವಿಲ್ಲದ ಸ್ವಯಂಸೇವಕರು. ತಮ್ಮ ಹೊಲ ಬಿಟ್ಟು ನೆರೆಯವರ ಹೊಲಕ್ಕೆ ಓಡುವವರು. ಗಾಳಿ ಮಿತಿಮೀರಿದಾಗ ನೀರು ಸುರಿಯುವ ವಿಮಾನಗಳೂ ಏರಲಾರವು. ಅಪಾಯ ಅತಿ ಹೆಚ್ಚಿರುವ ಹೊತ್ತಿಗೇ ನೆರವು ಅತಿ ಕಡಿಮೆ.

ಆದ್ದರಿಂದಲೇ ಕೆಂಪು ಬಾವುಟದ ಮೊದಲ ಉದ್ದೇಶ ಬೆಂಕಿ ಆರಿಸುವುದಲ್ಲ, ಕಿಡಿ ಬೀಳದಂತೆ ನೋಡಿಕೊಳ್ಳುವುದು. ಸಿಡಿಲಿನಿಂದ ಹೊತ್ತುವ ಬೆಂಕಿ ಈ ಬಯಲಿನ ಒಣಗಾಳಿಯ ದಿನಗಳಲ್ಲಿ ಕಡಿಮೆ. ಕಸ ಸುಡುವುದು, ಬೇಲಿಗೆ ಬೆಸುಗೆ ಹಾಕುವುದು, ಲಾರಿಯ ಹಿಂದೆ ರಸ್ತೆಗೆ ಉಜ್ಜುವ ಸರಪಳಿ, ಗಾಳಿಗೆ ಉರುಳುವ ವಿದ್ಯುತ್ ಕಂಬ ಇವೇ ಮುಖ್ಯ ಕಾರಣಗಳು. ಒಂದು ದಿನದ ಮಟ್ಟಿಗೆ ಇವನ್ನು ತಡೆದರೆ ಆ ದಿನ ಬರಿಯ ಗಾಳಿಯ ದಿನವಾಗಿ ಕಳೆದುಹೋಗುತ್ತದೆ. ಕ್ಯಾಲಿಫೋರ್ನಿಯದಲ್ಲಿ ಇಂಥ ದಿನಗಳಲ್ಲಿ ವಿದ್ಯುತ್ ಕಂಪನಿಗಳು ಮುನ್ಸೂಚನೆ ನೋಡಿ ತಂತಿಗಳಲ್ಲಿ ಹರಿವನ್ನೇ ನಿಲ್ಲಿಸುವುದುಂಟು. ಜನರಿಗೆ ಕತ್ತಲೆಯ ತೊಂದರೆ. ಆದರೆ ತಂತಿ ಬಿದ್ದರೂ ಕಿಡಿ ಇಲ್ಲ.

ಸ್ಮೋಕ್‌ಹೌಸ್ ಕ್ರೀಕ್ ಬೆಂಕಿಯ ನಂತರ ಟೆಕ್ಸಾಸ್ ಶಾಸನಸಭೆಯ ಸಮಿತಿಯೊಂದು ವಿಚಾರಣೆ ನಡೆಸಿತು. ಬೆಂಕಿಗೆ ಮೂಲ, ಒಳಗೆ ಕೊಳೆತು ಗಾಳಿಗೆ ಮುರಿದ ಒಂದು ವಿದ್ಯುತ್ ಕಂಬ ಎಂಬುದು 2024ರ ಮೇ ತಿಂಗಳಲ್ಲಿ ಬಂದ ಅದರ ವರದಿಯ ತೀರ್ಮಾನ. ಗಾಳಿ ಬರುವ ದಿನವನ್ನು ಹವಾಮಾನದವರು ಹೇಳಬಲ್ಲರು. ಆ ಗಾಳಿಗೆ ನಿಲ್ಲಲಾರದ ಕಂಬ ಯಾವುದೆಂದು ಅವರ ನಕ್ಷೆಯಲ್ಲಿ ಇರುವುದಿಲ್ಲ. ಅದನ್ನು ಮೊದಲೇ ತಟ್ಟಿ ನೋಡಿ ಬದಲಿಸಬೇಕಾದ ಕೆಲಸ ಮುನ್ಸೂಚನೆ ಕೇಳುವವರದು.